ಅಕ್ಕಡಿ ಸಾಲು ಹೋದ ದಾರಿ



ಹೋದ ಭಾನುವಾರ ಆರಿದ್ರಾ ಮಳೆ ಒಂದು ಹದ ಬಂದು ನಿಂತಿತ್ತು. ಕೊಟ್ಟಿಗೆ ಸೋರ್ತಿದೆ, ಹೆಂಚು ಕೈಯಾಡಿಸೋಣ ಅಂತ ಅಟ್ಟ ಖಾಲಿ ಮಾಡ್ತಿದ್ದೆ. ಹಳೇ ಗೋಣಿ, ಮುರಿದ ಮೊರ, ತಾತನ ಕಾಲದ ಕೊಳಗ ಎಲ್ಲದರ ಕೆಳಗೆ ನಮ್ಮ ಕೂರಿಗೆ ಸಿಕ್ತು. ಹನ್ನೆರಡು ಸಾಲಿನದು. ಬಟ್ಟಲಿಗೆ ಗೆದ್ದಲು ಹಿಡಿದಿದೆ, ಬಿದಿರು ಕೊಳವೆಗಳಲ್ಲಿ ಅರ್ಧ ಇಲ್ಲ. ಪಕ್ಕದಲ್ಲೇ ಒಂಟಿ ಬಿದಿರು ಕೊಳವೆ ಒಂದು ಬೇರೆಯಾಗಿ ಬಿದ್ದಿತ್ತು. ಮಗ ಎತ್ಕೊಂಡು ಊದಿ ನೋಡಿ, "ಏನಪ್ಪ ಇದು, ಕೊಳಲಾ?" ಅಂದ.

ಕೊಳಲಲ್ಲ ಕಣೋ, ಸಡ್ಡೆ ಅಂದೆ. ಅವನಿಗೆ ಅರ್ಥ ಆಗ್ಲಿಲ್ಲ. ಅರ್ಥ ಮಾಡಿಸೋಕೆ ಹೋಗಿ ನನಗೇ ಒಂದು ವಾರದಿಂದ ತಲೇಲಿ ಅದೇ ಓಡ್ತಿದೆ. ಅದಕ್ಕೇ ಈ ಸಲ ಮಳೆ, ರೋಗ, ಗೊಬ್ಬರದ ವಿಚಾರ ಬಿಟ್ಟು ಹಳೇ ಕಥೆ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಲವತ್ತು ದಾಟಿದವರಿಗೆ ಸಡ್ಡೆ ಅಂದ್ರೆ ಗೊತ್ತು. ಮುಂದೆ ಎತ್ತು, ನಡುವೆ ಕೂರಿಗೆ ಬಟ್ಟಲಿಗೆ ರಾಗಿ ಬಿಡುವವರು, ಹಿಂದೆ ಹಗ್ಗಕ್ಕೆ ಕಟ್ಟಿದ ಸಡ್ಡೆ ಹಿಡ್ಕೊಂಡು ಒಬ್ಬ ಹೆಣ್ಣುಮಗಳು. ಕೂರಿಗೆ ಒಂದು ಸಲ ಹೋದರೆ ಹನ್ನೆರಡು ಸಾಲು ರಾಗಿ, ಒಂದು ಸಾಲು ಅಕ್ಕಡಿ. ನಮ್ಮಜ್ಜಿಯ ಮಡಿಲಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು ಬೇರೆ ಬೇರೆ ಗಂಟು ಇರ್ತಿತ್ತು. ಯಾವ ಸಾಲಿಗೆ ಯಾವುದು ಬೀಳಬೇಕು ಅಂತ ತಾತನನ್ನ ಕೇಳ್ತಿರಲಿಲ್ಲ. ಅದು ಅವಳ ಲೆಕ್ಕ. ಬದುವಿನ ಸುತ್ತ ಹರಳು, ಅಲ್ಲಲ್ಲಿ ಸಾಸಿವೆ, ಪುಂಡಿ.

ಇದು ಎಷ್ಟು ಹಳೇದು ಅಂತ ಕೇಳಿದರೆ ನಮಗೆ ಬರಹದಲ್ಲಿ ಒಂದು ಸಾಕ್ಷಿ ಇದೆ. ಟಿಪ್ಪು ಸುಲ್ತಾನ ಸತ್ತ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಅನ್ನೋ ಸ್ಕಾಟ್ಲೆಂಡಿನ ಡಾಕ್ಟರು ಕಂಪನಿ ಸರ್ಕಾರದ ಅಪ್ಪಣೆ ಮೇಲೆ ಮೈಸೂರು ಸೀಮೆ ಪೂರ್ತಿ ಸುತ್ತಿದ. ಗೆದ್ದ ನೆಲದಲ್ಲಿ ಏನು ಬೆಳೀತಾರೆ, ಎಷ್ಟು ಕಂದಾಯ ಬರಬಹುದು ಅನ್ನೋದು ಅವರಿಗೆ ಬೇಕಿತ್ತು. ನಮ್ಮ ಸಿರಾ ಕಡೆಗೂ ಬಂದಿದ್ದ. ಅವನ ಪುಸ್ತಕ 1807ರಲ್ಲಿ ಮೂರು ಸಂಪುಟದಲ್ಲಿ ಅಚ್ಚಾಯ್ತು. ಅದರಲ್ಲಿ ರಾಗಿ ಇದೆ, ಕೂರಿಗೆ ಇದೆ, ರಾಗಿ ಜೊತೆ ಅವರೆ ತೊಗರಿ ಸಾಲು ಹಾಕೋ ಕ್ರಮವೂ ಇದೆ. ಅಂದ್ರೆ ನನ್ನ ಮಗ ಊದಿದ ಆ ಕೊಳವೆಗೆ ಕಮ್ಮಿ ಅಂದ್ರೂ ಇನ್ನೂರು ಇಪ್ಪತ್ತು ವರ್ಷದ ದಾಖಲೆ ಇದೆ. ದಾಖಲೆಗಿಂತ ಹಿಂದೆ ಎಷ್ಟು ಕಾಲದಿಂದ ಇತ್ತೋ.

ಇಲ್ಲೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಹಳೇದೆಲ್ಲ ಚೆನ್ನಾಗಿತ್ತು, ಹತ್ತು ಬೆಳೆ ಇದ್ದಾಗ ಯಾರೂ ಹಸಿದಿರಲಿಲ್ಲ ಅನ್ನೋ ಭಾಷಣಕ್ಕೆ ನಾನು ಸಿದ್ಧ ಇಲ್ಲ. 1876ರಿಂದ 78ರವರೆಗಿನ ಬರವನ್ನ ನಮ್ಮ ಹಿರಿಯರು ಧಾತು ಈಶ್ವರ ಬರ ಅಂತಿದ್ದರು, ಆ ಎರಡು ಸಂವತ್ಸರದ ಹೆಸರಲ್ಲಿ. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ 55 ಸಾವಿರ. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರ. ಹೊಲದಲ್ಲಿ ಅಕ್ಕಡಿ ಇತ್ತು, ಹಗೇವಲ್ಲಿ ರಾಗಿ ಇಡೋ ಪದ್ಧತಿ ಇತ್ತು, ಸಾವೆ, ನವಣೆ, ಹಾರಕ, ಬರಗು, ಕೊರಲೆ ಎಲ್ಲ ಇತ್ತು. ಆದರೂ ಜನ ಸತ್ತರು. ಒಂದರ ಹಿಂದೊಂದು ಮಳೆ ಕೈಕೊಟ್ಟಾಗ, ಧಾನ್ಯದ ಬೆಲೆ ಏರಿ ಕೂಲಿ ಸಿಗದೆ ಹೋದಾಗ, ಬರೀ ಬೀಜದ ಬಗೆ ಯಾರನ್ನೂ ಕಾಯಲ್ಲ.

ಹಾಗಾದ್ರೆ ಅಕ್ಕಡಿ ಏನು ಕಾಯ್ತಿತ್ತು? ದೊಡ್ಡ ಬರವನ್ನಲ್ಲ. ಪ್ರತಿ ವರ್ಷದ ಸಣ್ಣ ಸಣ್ಣ ಕೊರತೆಯನ್ನ. ಪುಷ್ಯ ಮಳೆ ತಪ್ಪಿದರೆ ರಾಗಿ ಸೊರಗುತ್ತೆ, ತೊಗರಿ ತಡ್ಕೊಳ್ಳುತ್ತೆ. ಚಿತ್ತೆ ಮಳೆ ಬಾರದೆ ರಾಗಿ ಜಳ್ಳಾದ್ರೂ ಅವರೆ ಇಬ್ಬನಿಗೇ ಹೂವು ಕಟ್ಟುತ್ತೆ. ಜೋಳದ ತೆನೆ ಮೇಲೆ ಹಕ್ಕಿ ಕೂತು ಹುಳ ಆರಿಸುತ್ತೆ. ಹುಚ್ಚೆಳ್ಳು ಹೂವಿಗೆ ಜೇನು ಬರುತ್ತೆ. ಅವರೆ, ತೊಗರಿ, ಅಲಸಂದೆ ಬೇರಿನ ಗಂಟು ನೆಲಕ್ಕೆ ಸಾರಜನಕ ಕೊಡುತ್ತೆ ಅಂತ ಈಗ ತರಬೇತಿಯಲ್ಲಿ ಹೇಳ್ತಾರೆ. ಅಜ್ಜಿಗೆ ಸಾರಜನಕ ಗೊತ್ತಿರಲಿಲ್ಲ, ಆದರೆ ಅಕ್ಕಡಿ ಸಾಲು ಇದ್ದ ಜಾಗದ ರಾಗಿ ಮುಂದಿನ ವರ್ಷ ಕರ್ರಗೆ ಏಳುತ್ತೆ ಅಂತ ಗೊತ್ತಿತ್ತು.

ಇನ್ನೊಂದು ವಿಚಾರ ಇದೆ, ಇದನ್ನ ಬರೆದಿರೋದು ನಾನು ಕಮ್ಮಿ ನೋಡಿದ್ದೀನಿ. ನಮ್ಮ ಕಡೆ ರಾಗಿ ಗಂಡಸರದು, ಅಕ್ಕಡಿ ಹೆಂಗಸರದು. ಹಾಗಂತ ಯಾವ ಕಾಗದದಲ್ಲೂ ಇಲ್ಲ, ಆದರೆ ನಡೀತಿದ್ದದ್ದೇ ಹಾಗೆ. ರಾಗಿ ಕಣದಿಂದ ಹಗೇವಿಗೆ, ಕಂದಾಯಕ್ಕೆ, ಸಾಲಕ್ಕೆ ಹೋಗೋದು. ಅಲಸಂದೆ ಕಾಯಿ, ಅವರೆಕಾಯಿ, ಸಾಸಿವೆ, ಹುಚ್ಚೆಳ್ಳು ಸಂತೆಗೆ ಹೋಗೋದು ಅಜ್ಜಿಯ ಕುಕ್ಕೆಯಲ್ಲಿ. ಆ ದುಡ್ಡಲ್ಲಿ ಉಪ್ಪು, ಮೆಣಸಿನಕಾಯಿ, ಬಳೆ, ಮಕ್ಕಳ ಸ್ಲೇಟು. ಆ ಬೆಳೆಗಳು ಬರೋ ತಿಂಗಳು ನೋಡಿ: ಭಾದ್ರಪದದ ಹೊತ್ತಿಗೆ ಅಲಸಂದೆ, ದೀಪಾವಳಿ ಆದ ಮೇಲೆ ಹುಚ್ಚೆಳ್ಳು, ಧನುರ್ಮಾಸದಲ್ಲಿ ಅವರೆ, ಸಂಕ್ರಾಂತಿ ಕಳೆದು ತೊಗರಿ, ಬೇಸಿಗೆಗೆ ಹರಳು. ಒಂದೇ ಹೊಲ ಆರು ತಿಂಗಳು ಕಂತುಕಂತಾಗಿ ಕೊಡ್ತಿತ್ತು. ಸಣ್ಣ ರೈತನ ಮನೆಗೆ ಅದೇ ತಿಂಗಳ ಸಂಬಳ. ಈಗ ನಮ್ಮ ಹೊಲ ವರ್ಷಕ್ಕೆ ಒಂದೇ ದಿನ ದುಡ್ಡು ಕೊಡುತ್ತೆ, ಅದು ಬರೋ ಹೊತ್ತಿಗೆ ಅಂಗಡಿಯವರ ಹೆಸರಿಗೆ ಬರೆದಾಗಿರುತ್ತೆ.

ಸರಿ, ಇದು ಹೋದದ್ದು ಹೇಗೆ?

ಸಾಮಾನ್ಯವಾಗಿ ಎಲ್ಲರೂ ಸರ್ಕಾರಿ ಬೀಜದ ಕಡೆ ಬೆರಳು ತೋರಿಸ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಕೂತು ಲೆಕ್ಕ ಹಾಕಿದಾಗ ಅದು ಪೂರ್ತಿ ಸರಿ ಅನ್ನಿಸಲಿಲ್ಲ.

ರಾಗಿ ತಳಿ ಸುಧಾರಿಸೋ ಕೆಲಸ ನಮ್ಮಲ್ಲಿ ಹಳೇದು. ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದವರು 1908ರಲ್ಲಿ ಮೈಸೂರಿಗೆ ಬಂದು, 1913ರಲ್ಲಿ ಕೃಷಿ ಇಲಾಖೆಗೆ ನಿರ್ದೇಶಕರಾದರು. ಹೆಬ್ಬಾಳದ ಫಾರಂನಲ್ಲಿ ಅವರ ಕಾಲದಲ್ಲೇ ಆರಿಸಿದ ರಾಗಿ ಎಚ್-22. ಆಮೇಲೆ ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಅವರು ಬಂದರು, ನಾವೆಲ್ಲ ರಾಗಿ ಲಕ್ಷ್ಮಣಯ್ಯ ಅಂತ ಕರೆಯೋದು ಇವರನ್ನೇ. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ ಎಲ್ಲ ಕೊಟ್ಟು, ಆಮೇಲೆ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಕೆ ಮಾಡಿಸಿ ಇಂಡಾಫ್ ತಳಿಗಳನ್ನ ತಂದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿಯೇ ಆ ಹೆಸರು. 1970ರ ದಶಕದಲ್ಲಿ ಇಂಡಾಫ್ ಹೊಲಕ್ಕೆ ಬಂದಾಗ ತೆನೆಯ ಗಾತ್ರ ನೋಡೋಕೇ ಜನ ಪಕ್ಕದೂರಿಂದ ಬರ್ತಿದ್ದರಂತೆ. ಆಮೇಲೆ ಬೆಂಕಿ ರೋಗ ತಡೆಯೋ ಜಿಪಿಯು-28 ಬಂತು, 1990ರ ದಶಕದಲ್ಲಿ. ಇವತ್ತಿಗೂ ನಮ್ಮೂರಲ್ಲಿ ಬಹುಪಾಲು ಹೊಲದಲ್ಲಿ ಅದೇ.

ಈ ತಳಿಗಳಿಂದ ಹಸಿರುಕಂಬಿ, ಕರಿಗಿಡ್ಡ ಅನ್ನೋ ಹಳೇ ರಾಗಿಗಳು ಹೋದವು, ನಿಜ. ಆದರೆ ಮೊದಲ ಸಲ ಮನೆ ತುಂಬ ಮುದ್ದೆ ಬೆಂದದ್ದೂ ಈ ತಳಿಗಳಿಂದಲೇ. ಎರಡೆಕರೆ ಇದ್ದವನಿಗೆ ಇದು ಸಣ್ಣ ಮಾತಲ್ಲ. ಇನ್ನೊಂದು: ಇಂಡಾಫ್ ಬಂದ ಮೇಲೂ ಇಪ್ಪತ್ತು ವರ್ಷ ನಮ್ಮಜ್ಜಿ ಸಡ್ಡೆ ಹಿಡಿದೇ ಇದ್ದಳು. ನಾನೇ ಕಣ್ಣಾರೆ ನೋಡಿದ್ದೀನಿ. ಹೊಸ ರಾಗಿ ಪಕ್ಕದಲ್ಲೇ ಹಳೇ ಅವರೆ ಹಬ್ಬಿತ್ತು. ಬೀಜ ಬದಲಾದ್ರೂ ಸಾಲು ಉಳಿದಿತ್ತು. ಅಂದ್ರೆ ಸಾಲು ಮುರಿದದ್ದು ಬೇರೆ ಕಡೆಯಿಂದ.

ಒಂದನೇದು, ತಟ್ಟೆ ಬದಲಾಯ್ತು. 1965-66ರ ಬರದಲ್ಲಿ ಅಮೆರಿಕದ ಗೋಧಿ, ಕೆಂಪು ಜೋಳ ತಿಂದದ್ದನ್ನ ಹಿರಿಯರು ಇವತ್ತಿಗೂ ಮುಖ ಕಿವುಚಿಕೊಂಡು ಹೇಳ್ತಾರೆ. 1965ರಲ್ಲೇ ಆಹಾರ ನಿಗಮ ಶುರುವಾಯ್ತು, ಅಕ್ಕಿ ಗೋಧಿ ಕೊಂಡು ಹಂಚೋ ವ್ಯವಸ್ಥೆ ದೇಶಕ್ಕೆಲ್ಲ ಬಂತು. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದಾಗ ಕೆಜಿ ಅಕ್ಕಿ ಒಂದು ರೂಪಾಯಿ. ನಾನು ಅದನ್ನ ಬೈಯಲ್ಲ. ನಮ್ಮ ಮನೆಯೂ ಆ ಅಕ್ಕಿ ತಿಂದಿದೆ. ಹಸಿವಿನ ಭಯ ಹೋಯ್ತು. ಆದರೆ ಭಯದ ಜೊತೆಗೆ ಹಗೇವೂ ಹೋಯ್ತು. ಸಾವೆ, ಹಾರಕ ಹಾಕ್ತಿದ್ದ ಗುಡ್ಡದ ಪಕ್ಕದ ಹೊಲ ಯಾಕೆ ಉಳಬೇಕು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲದೆ ಹೋಯ್ತು. ಅದನ್ನ ಕುಟ್ಟಿ, ಕೇರಿ, ಹಸನು ಮಾಡೋ ಹೆಂಗಸರ ಕೈ ನೋವು ಗೊತ್ತಿದ್ದವರು ಯಾರೂ ಅಕ್ಕಿ ಬೇಡ ಅನ್ನಲ್ಲ.

ಎರಡನೇದು, ಹೊಲ ಸಣ್ಣದಾಯ್ತು. 1970-71ರ ಕೃಷಿ ಗಣತಿಯಲ್ಲಿ ಕರ್ನಾಟಕದ ಒಬ್ಬ ರೈತನ ಸರಾಸರಿ ಹಿಡುವಳಿ 3.20 ಹೆಕ್ಟೇರು, ಅಂದ್ರೆ ಹತ್ತಿರ ಹತ್ತಿರ ಎಂಟು ಎಕರೆ. 2015-16ರಲ್ಲಿ 1.36 ಹೆಕ್ಟೇರು, ಮೂರೂಕಾಲು ಎಕರೆ. ನಮ್ಮ ತಾತನಿಗೆ ಒಂಬತ್ತು ಎಕರೆ ಬೆದ್ದಲು. ಮೂರು ಜನ ಮಕ್ಕಳಿಗೆ ಮೂರು ಮೂರು. ನನಗೂ ತಮ್ಮನಿಗೂ ಭಾಗ ಆದಮೇಲೆ ಒಂದೂವರೆ. ಅವನು ಬೆಂಗಳೂರಲ್ಲಿದ್ದಾನೆ, ಅವನ ಪಾಲಿನಲ್ಲಿ ಅರ್ಧ ಎಕರೆ ನಾನೇ ಮಾಡ್ತೀನಿ. ಒಟ್ಟು ಎರಡೆಕರೆಗೆ ಜೋಡಿ ಎತ್ತು ಸಾಕೋಕಾಗಲ್ಲ. ಎತ್ತು ಹೋದರೆ ಕೂರಿಗೆ ಹೋಯ್ತು, ಕೂರಿಗೆ ಹೋದರೆ ಸಡ್ಡೆ ಕಟ್ಟೋದು ಎಲ್ಲಿಗೆ?

ಮೂರನೇದು, ಪಕ್ಕದ ಹೊಲ ಬದಲಾಯ್ತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ನೀಲಗಿರಿ ಬಂತು. ಕೋಲಾರದ ಕಡೆ ರಾಗಿ ಹೊಲಗಳೇ ನೀಲಗಿರಿ ತೋಪಾದವು, ನಮ್ಮ ಕಡೆಗೂ ಹರಡಿತು. ಆಳು ಬೇಡ, ಕಾವಲು ಬೇಡ, ಕೆಲವು ವರ್ಷಕ್ಕೊಮ್ಮೆ ಕಡಿದರೆ ದುಡ್ಡು. 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದನ್ನ ನಿಷೇಧಿಸೋ ಹೊತ್ತಿಗೆ ಬದುವಿನ ಅಕ್ಕಪಕ್ಕದ ಒಣಗಬೇಕಾದ್ದೆಲ್ಲ ಒಣಗಿತ್ತು. ಅದರ ಜೊತೆಗೆ ಕೊಳವೆಬಾವಿ, ಅಡಿಕೆ. ನೀರು ಸಿಕ್ಕವರು ತೋಟ ಮಾಡಿದರು, ಸಿಗದವರು ಸಾಲ ಮಾಡಿದರು. ನಮ್ಮಪ್ಪ ಎರಡು ಕೊರೆಸಿದ. ಎರಡೂ ಧೂಳು. ಆ ಸಾಲ ತೀರಿಸೋಕೆ ಮಾರಿದ್ದೇ ಜೋಡಿ ಎತ್ತು. ಅದಾದ ಮುಂದಿನ ವರ್ಷದಿಂದ ಕೂರಿಗೆ ಅಟ್ಟಕ್ಕೆ ಹೋಯ್ತು.

ನಾಲ್ಕನೇದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು, ಕಣ ಹೋಯ್ತು. ಮುಯ್ಯಾಳು ಇದ್ದಾಗ ಹತ್ತು ಮನೆಯವರು ಸೇರಿ ಒಂದು ದಿನ ನಿಮ್ಮದು, ಒಂದು ದಿನ ನಮ್ಮದು ಅಂತ ಕುಯ್ತಿದ್ದರು. ರಾಗಿ ಕುಯ್ಯುವಾಗ ಅವರೆ ಬಳ್ಳಿ, ತೊಗರಿ ಗಿಡ ಬಿಟ್ಟು ಕುಡುಗೋಲು ಹೋಗೋದು. ಆಮೇಲೆ ಮೆದೆ, ಕಣ, ಗುಂಡು. ಈಗ ಆಳಿಲ್ಲ, ಕಣ ಮಾಡೋ ಜಾಗವೂ ಇಲ್ಲ, ರಸ್ತೆ ಮೇಲೇ ಒಕ್ಕಣೆ ಮಾಡಿ ಬೈಸಿಕೊಂಡದ್ದೂ ಆಯ್ತು. ಕೊಯ್ಲಿನ ಯಂತ್ರ ಬಂತು. ಯಂತ್ರಕ್ಕೆ ಹೊಲ ಒಂದೇ ಎತ್ತರ ಇರಬೇಕು, ಒಂದೇ ದಿನ ಮಾಗಬೇಕು, ನಡುವೆ ಹಸಿರು ಬಳ್ಳಿ ಇರಬಾರದು. ಅದು ಬೀಜದಂಗಡಿಯವರ ಮಾತಲ್ಲ, ಇಲಾಖೆ ಆದೇಶವೂ ಅಲ್ಲ. ಆದರೂ ನಾವೇ ಬಿತ್ತೋ ದಿನವೇ ಕೊಯ್ಯೋ ದಿನದ ಯೋಚನೆ ಮಾಡಿ ಅಕ್ಕಡಿ ಬಿಟ್ಟೆವು. ನಾನೂ ಬಿಟ್ಟವನೇ.

ಬಿಟ್ಟು ಎಷ್ಟು ಗಿಟ್ಟಿತು? ಹೋದ ವರ್ಷದ ನನ್ನ ಲೆಕ್ಕ ಮುಚ್ಚುಮರೆ ಇಲ್ಲದೆ ಹಾಕ್ತೀನಿ. ಎರಡೆಕರೆ ರಾಗಿ. ಟ್ರ್ಯಾಕ್ಟರ್ ಉಳುಮೆ 6,000. ಬೀಜ, ಗೊಬ್ಬರ 5,400. ಕಳೆ ಕೂಲಿ 9,000. ಕೊಯ್ಲಿನ ಯಂತ್ರ 6,500. ಚೀಲ, ಸಾಗಾಟ 1,800. ಒಟ್ಟು 28,700. ಚಿತ್ತೆ ಮಳೆ ಕೈಕೊಟ್ಟು ಬಂದದ್ದು ಹದಿಮೂರು ಕ್ವಿಂಟಲ್. ಮೂರು ಮನೆಗೆ ಇಟ್ಟು ಹತ್ತು ಮಾರಿದೆ. ಬೆಂಬಲ ಬೆಲೆ ಕೇಂದ್ರ ತೆರೆಯೋವರೆಗೆ ಕಾಯೋ ಶಕ್ತಿ ಇರಲಿಲ್ಲ, ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತು. ವ್ಯಾಪಾರಿ ಕೊಟ್ಟದ್ದು 3,100. ಕೈಗೆ 31,000. ಉಳಿದದ್ದು 2,300 ರೂಪಾಯಿ, ಮನೆ ರಾಗಿ ಮೂರು ಕ್ವಿಂಟಲ್, ಯಂತ್ರ ತುಳಿದ ಹುಲ್ಲು. ಆ ಹುಲ್ಲನ್ನ ಹಸು ಮೂಸಿ ನೋಡಿ ಬಿಡ್ತು, ಮೇವು ಕೊಂಡದ್ದನ್ನ ಇದರಲ್ಲಿ ಸೇರಿಸಿಲ್ಲ. ನಮ್ಮಿಬ್ಬರ ಐದು ತಿಂಗಳ ಕೂಲಿಯನ್ನೂ ಸೇರಿಸಿಲ್ಲ.

ರಾಗಿಗೆ ಬೆಂಬಲ ಬೆಲೆ ಇಲ್ಲ ಅಂತಲ್ಲ. 2021-22ರಲ್ಲಿ ಕ್ವಿಂಟಲಿಗೆ 3,377 ಇದ್ದದ್ದು 2024-25ಕ್ಕೆ 4,290 ಆಯ್ತು, 2025-26ಕ್ಕೆ 4,886. ಏರಿಕೆ ಒಳ್ಳೇದೇ. ಆದರೆ ಆ ಬೆಲೆ ಸಿಗೋದು ಕಾಯಬಲ್ಲವನಿಗೆ. ಕಾಯೋಕೆ ಮನೇಲಿ ಬೇರೆ ದುಡ್ಡಿರಬೇಕು. ಆ ಬೇರೆ ದುಡ್ಡು ಹಿಂದೆ ಎಲ್ಲಿಂದ ಬರ್ತಿತ್ತು ಅಂತ ಯೋಚನೆ ಮಾಡಿದಾಗ ನನಗೆ ಅಜ್ಜಿಯ ಕುಕ್ಕೆ ನೆನಪಾಯ್ತು. ಅವರೆಕಾಯಿ ದುಡ್ಡು ಧನುರ್ಮಾಸದಲ್ಲಿ ಮನೆ ನಡೆಸ್ತಿತ್ತು, ಅದಕ್ಕೇ ತಾತ ರಾಗಿಯನ್ನ ಹಗೇವಲ್ಲಿಟ್ಟು ಬೆಲೆ ಬಂದಾಗ ತೆಗೀತಿದ್ದ. ಅಕ್ಕಡಿ ಸಾಲು ರಾಗಿಯ ಬೆಲೆಯನ್ನೇ ಕಾಯ್ತಿತ್ತು. ಸಾಲು ಹೋದ ಮೇಲೆ ಆ ಜಾಗಕ್ಕೆ ಬಂದದ್ದು ವಾರದ ಕಂತಿನ ಸಾಲ. ನಮ್ಮೂರಲ್ಲಿ ಎಷ್ಟು ಮನೆ ಹೆಂಗಸರು ಮಂಗಳವಾರ ಬಂತು ಅಂದ್ರೆ ಕಂತಿಗೆ ಒದ್ದಾಡ್ತಾರೆ ಅಂತ ನಿಮಗೂ ಗೊತ್ತು. ನಮ್ಮ ಮನೆಯೂ ಅದರಲ್ಲಿ ಒಂದು.

ಇದನ್ನ ನನಗೆ ಹೇಳಿಕೊಟ್ಟವಳು ನನ್ನ ಹೆಂಡತಿ. ಹೋದ ವರ್ಷ ಬಿತ್ತೋ ಮುಂಚೆ, "ಕೆರೆ ಕಡೆ ಹತ್ತು ಗುಂಟೆ ನನಗೆ ಬಿಡಿ, ಮಿಷನ್ ಅಲ್ಲಿಗೆ ಬರೋದು ಬೇಡ" ಅಂದಳು. ಜಗಳ ಆಯ್ತು. ನಾನು ಹತ್ತು ಗುಂಟೆಗೆ ಕುಡುಗೋಲು ಹಿಡಿಯೋರು ಯಾರು ಅಂದೆ. ಅವಳು ಮಾತಾಡ್ಲಿಲ್ಲ, ತವರಿಂದ ಅವರೆ, ಅಲಸಂದೆ, ತೊಗರಿ ಬೀಜ ತಂದು, ಟ್ರ್ಯಾಕ್ಟರ್ ಎಳೆದ ಸಾಲಲ್ಲಿ ಕೈಯಲ್ಲೇ ಬಿಟ್ಟುಕೊಂಡು ಹೋದಳು. ಅವಳ ಚೀಟಿ ಪುಸ್ತಕದ ಲೆಕ್ಕ: ಅಲಸಂದೆ ಕಾಯಿ 900 ರೂಪಾಯಿ, ಅವರೆಕಾಯಿ 4,200 ರೂಪಾಯಿ, ಮನೆಗೆ ಹದಿನೆಂಟು ಕೆಜಿ ತೊಗರಿ, ಸಾರಿಗೆ ಹಿತಕಿದ ಬೇಳೆ ಲೆಕ್ಕಕ್ಕಿಲ್ಲ. ಎರಡೆಕರೆಯಲ್ಲಿ ನಾನು ಉಳಿಸಿದ್ದು 2,300. ಹತ್ತು ಗುಂಟೆ ಸಾಲಲ್ಲಿ ಅವಳು ತಂದದ್ದು 5,100. ನಾನು ಸುಮ್ಮನಾದೆ.

ಆದರೂ ಕಷ್ಟ ಮುಚ್ಚಿಡಬಾರದು. ಆ ಹತ್ತು ಗುಂಟೆ ರಾಗಿ ಕುಯ್ಯೋಕೆ ನಾವಿಬ್ಬರೇ ನಾಲ್ಕು ದಿನ ಬಗ್ಗಿದೆವು. ನವಿಲು ಅಲಸಂದೆಯಲ್ಲಿ ಪಾಲು ತಗೊಂಡ್ತು. ಊರಿಗೆ ಊರೇ ಅವರೆ ಹಾಕಿದರೆ ಸಂತೆಯಲ್ಲಿ ಆ ಬೆಲೆ ನಿಲ್ಲಲ್ಲ. ಹುಚ್ಚೆಳ್ಳಿಗೂ ಬೆಂಬಲ ಬೆಲೆ ಘೋಷಣೆ ಇದೆ, ಆದರೆ ನಾಲ್ಕು ಸೇರು ಹುಚ್ಚೆಳ್ಳನ್ನ ತಗೊಂಡು ಹೋಗೋದು ಯಾವ ಕೇಂದ್ರಕ್ಕೆ? ಕೊರಲೆಯನ್ನ ನೋಡಿ. ನಮ್ಮ ಸಿರಾ, ಮಧುಗಿರಿ, ಪಾವಗಡದ ಗಡಿ ಕಡೆ ಬಿಟ್ಟರೆ ಬೇರೆ ಕಡೆ ಹೆಸರೇ ಕೇಳದಿದ್ದ ಬರದ ಬೆಳೆ ಅದು. 2023 ಸಿರಿಧಾನ್ಯ ವರ್ಷ ಅಂತ ಜಗತ್ತೇ ಆಚರಿಸ್ತು, ಸಿರಿಧಾನ್ಯ ಬೆಳೆದರೆ ಹೆಕ್ಟೇರಿಗೆ 10,000 ರೂಪಾಯಿ ಕೊಡೋ ರೈತಸಿರಿಯೂ ಬಂತು. ಪಟ್ಟಣದ ಅಂಗಡಿಯಲ್ಲಿ ಕೊರಲೆ ಅಕ್ಕಿಗೆ ದೊಡ್ಡ ಬೆಲೆ. ಆದರೆ ಹೊಟ್ಟು ತೆಗೆಯೋ ಯಂತ್ರ ಹತ್ತಿರ ಇಲ್ಲದವನಿಗೆ ಆ ಬೆಲೆಯಲ್ಲಿ ಪಾಲಿಲ್ಲ. ಬೆಳೆ ಉಳಿಯಬೇಕಾದ್ರೆ ಬೀಜದ ಜೊತೆಗೆ ಆಳು, ಗಿರಣಿ, ಸಂತೆ ಮೂರೂ ಉಳಿಯಬೇಕು.

ಬೀಜದ ವಿಚಾರವೂ ಗಂಭೀರವೇ. ನನ್ನ ಹೆಂಡತಿ ತಂದ ಅವರೆ ಹೆಬ್ಬಾಳ ಅವರೆ ಜಾತಿದು. ಗಿಡ್ಡ ಗಿಡ, ಹಗಲಿನ ಉದ್ದಕ್ಕೆ ಕಾಯದೆ ಯಾವ ಕಾಲದಲ್ಲಾದ್ರೂ ಕಾಯಿ ಬಿಡುತ್ತೆ. ಅನುಕೂಲವೇ. ಆದರೆ ಅಜ್ಜಿಯ ಅವರೆ ಬಳ್ಳಿ ಹಬ್ಬಿ, ಇಬ್ಬನಿ ಬಿದ್ದಾಗಲೇ ಕಾಯಿ ಕಟ್ಟಿ, ಕೈಗೆ ಎಣ್ಣೆ ಮೆತ್ತಿಕೊಳ್ಳೋ ಹಾಗೆ ಸೊಗಡು ಬಿಡ್ತಿತ್ತು. ಬಿಡಿಸಿದ ಕೈ ಸಾಯಂಕಾಲದವರೆಗೂ ಘಮಘಮ. ಆ ಬೀಜ ನಮ್ಮ ಮನೇಲಿ ಇಲ್ಲ. ಬೂದಿ ಹಚ್ಚಿ ಗುಡಾಣದಲ್ಲಿಟ್ಟಿದ್ದನ್ನ, ಎತ್ತು ಮಾರಿದ ವರ್ಷ ಅಜ್ಜಿ ಬೇಯಿಸಿ ಹಾಕಿದಳು. ಬಿತ್ತೋಕೆ ಕೂರಿಗೆ ಇಲ್ಲ ಅಂದ ಮೇಲೆ ಬೀಜ ಯಾಕೆ ಅಂದಳಂತೆ. ಒಂದು ತಳಿ ಮುಗಿದದ್ದು ಹಾಗೆ, ಒಂದು ರಾತ್ರಿ ಸಾರಾಗಿ.

ಈಗ ನನ್ನ ತೀರ್ಮಾನ ಹೇಳ್ತೀನಿ. ಪುನರ್ವಸು ಮಳೆ ಹದ ಕೊಟ್ಟರೆ ಈ ಸಲ ಒಂದೂವರೆ ಎಕರೆ ಯಂತ್ರಕ್ಕೆ, ಅರ್ಧ ಎಕರೆ ಅಕ್ಕಡಿಗೆ. ಎರಡೆಕರೆಯನ್ನೂ ಅಕ್ಕಡಿ ಮಾಡೋ ಧೈರ್ಯ ನನಗಿಲ್ಲ, ಮಾಡಿ ಅಂತ ನಿಮಗೂ ಹೇಳಲ್ಲ. ಅರ್ಧ ಎಕರೆ ಕುಯ್ಯೋಕೆ ಮುಯ್ಯಾಳು ಬೇಕು. ಕೆರೆ ಕೆಳಗಿನವರಲ್ಲಿ ಇಬ್ಬರು ಒಪ್ಪಿದ್ದಾರೆ, ಇನ್ನು ಮೂರು ಮನೆ ಸೇರಿದರೆ ಐದು ಮನೆಯ ಅಕ್ಕಡಿ ಐದು ದಿನದಲ್ಲಿ ಮುಗಿಯುತ್ತೆ. ನಿಮ್ಮದು ಕುಯ್ಯೋಕೆ ನಾವಿಬ್ಬರೂ ಬರ್ತೀವಿ, ಇದು ಮಾತು.

ಇನ್ನೊಂದು ಕೇಳಿಕೆ. ಯಾರ ಮನೆಯ ಹಳೇ ಗುಡಾಣದಲ್ಲಾದ್ರೂ, ಅಜ್ಜಿಯರ ಸೀರೆ ಗಂಟಲ್ಲಾದ್ರೂ ಬಳ್ಳಿ ಹಬ್ಬೋ ಸೊಗಡವರೆ ಇದ್ರೆ ಒಂದು ಹಿಡಿ ಕೊಡಿ. ಬಿತ್ತಿ ಬಂದ ಮೇಲೆ ಒಂದು ಸೇರು ವಾಪಸ್ ಕೊಡ್ತೀನಿ. ಹೀಗೆ ಬೀಜ ಇಟ್ಕೊಳ್ಳೋಕೆ, ಕೊಟ್ಟು ತಗೊಳ್ಳೋಕೆ 2001ರ ತಳಿ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾನೂನಿನಲ್ಲೂ ನಮಗೆ ಹಕ್ಕಿದೆ, ಹೆದರಬೇಕಾಗಿಲ್ಲ. ಸೋಮವಾರದ ಸಂತೆಯಲ್ಲಿ ನನ್ನ ಹೆಂಡತಿ ಸೊಪ್ಪಿನವರ ಸಾಲಲ್ಲಿ ಕೂತಿರ್ತಾಳೆ, ಅವಳ ಕೈಗೇ ಕೊಡಿ. ನನಗೆ ಕೊಟ್ಟರೆ ಮರೆತು ಜೇಬಲ್ಲೇ ಇಟ್ಕೊಂಡು ಬಟ್ಟೆ ಒಗೆಯೋಕೆ ಹಾಕ್ತೀನಿ ಅಂತ ಅವಳ ದೂರು.

ಕೂರಿಗೆ ರಿಪೇರಿ ಆಗೋ ಹಾಗಿಲ್ಲ. ಆ ಒಂಟಿ ಕೊಳವೆಯನ್ನ ಮಾತ್ರ ಒರೆಸಿ, ಎಣ್ಣೆ ಹಚ್ಚಿ, ಟ್ರ್ಯಾಕ್ಟರ್ ಹಿಂದೆ ಕಟ್ಟೋಕೆ ಆಗುತ್ತಾ ಅಂತ ನೋಡ್ತಾ ಇದ್ದೀನಿ. ಆದರೆ ಬಂದು ತಿಳಿಸ್ತೀನಿ.